ನಿಮಿಷಕ್ಕೆ 48 ಸಲ ಮಿಣುಕುವ ದೀಪ

ಓದುಗರ ಪ್ರಶ್ನೆ:

"ಸರ್, ನಾನು ಹುಬ್ಬಳ್ಳಿಯವನು, ನಿವೃತ್ತ ಸ್ಟೇಷನ್ ಮಾಸ್ಟರ್. ಮಾಳಿಗೆ ಕೋಣೆಯಲ್ಲಿ ಎಂಟಡಿಗೆ ನಾಲ್ಕಡಿ ಪ್ಲೈವುಡ್ ಮೇಲೆ ಎಚ್‌ಒ ಅಳತೆಯ ಪುಟ್ಟ ರೈಲು ಹಾಕಿಕೊಂಡಿದ್ದೇನೆ. ಗಾಡಿಯ ಹಳಿ ಬದಲಿಸುವ ಪಾಯಿಂಟ್‌ಗಳನ್ನು ಕಂಪ್ಯೂಟರಿನಿಂದಲೇ ಬದಲಿಸೋಣ ಎಂದು ಒಂದು ಯುಎಸ್‌ಬಿ ಕಿಟ್ ತರಿಸಿ, ಎರಡು ಭಾನುವಾರ ಕೂತು ನಾನೇ ಸೋಲ್ಡರ್ ಮಾಡಿದೆ. ಪಿಕ್ 18ಎಫ್2550 ಚಿಪ್, ಎಂಟು ರಿಲೇ (ಕರೆಂಟಿನಿಂದ ಓಡುವ ಸ್ವಿಚ್ಚುಗಳು), 12 ವೋಲ್ಟಿನ ಅಡಾಪ್ಟರ್. ಎರಡು ದಿನ ಕೆಲಸ ಮಾಡಿತು. ಆದರೆ ಪಾಯಿಂಟ್ ಬದಲಿಸಿದಾಗ ಒಮ್ಮೊಮ್ಮೆ ಲ್ಯಾಪ್‌ಟಾಪ್ ಟುಂಟುಂ ಎಂದು ಯುಎಸ್‌ಬಿ ಕಿತ್ತ ಸದ್ದು ಮಾಡಿ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಮೂರನೇ ದಿನ ಬೋರ್ಡ್ ಎತ್ತಿಡುವಾಗ ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್‌ನ ಕಾಲು ಮುರಿಯಿತು. ಪಕ್ಕದ ಬೀದಿಯ ಟಿವಿ ರಿಪೇರಿಯವರು ಒಂದು ಹಳೆಯ ಕ್ರಿಸ್ಟಲ್ ಕೊಟ್ಟು ಹಾಕಿಯೂ ಕೊಟ್ಟರು. ಅಂದಿನಿಂದ ವಿಂಡೋಸ್ 'ಈ ಯುಎಸ್‌ಬಿ ಸಾಧನ ಗುರುತಾಗಲಿಲ್ಲ' ಎನ್ನುತ್ತಿದೆ, ಕೋಡ್ 43. ಮೂರು ಕೇಬಲ್, ಎರಡು ಲ್ಯಾಪ್‌ಟಾಪ್ ಬದಲಿಸಿ ನೋಡಿದೆ. ಗೆಳೆಯರೊಬ್ಬರು '12 ವೋಲ್ಟ್ ಒಳಗ ಹೊಕ್ಕೈತಿ, ಚಿಪ್ ಸುಟ್ಟೈತಿ, ಇನ್ನ ಲ್ಯಾಪ್‌ಟಾಪೂ ಸುಡತೈತಿ' ಎನ್ನುತ್ತಾರೆ. ಇನ್ನೊಬ್ಬರು ವಿಂಡೋಸ್ ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಬೋರ್ಡಿನ ಹಸಿರು ದೀಪ ಮಾತ್ರ ಮಿಣುಕುತ್ತಲೇ ಇದೆ. ಸೆಕೆಂಡಿಗೊಮ್ಮೆ ಮಿಣುಕಬೇಕು ಎಂದು ಕಿಟ್ಟಿನ ಹಾಳೆಯಲ್ಲಿದೆ. ಮೊಮ್ಮಗಳು ಸುಮ್ನೆ ಕೂತು ಎಣಿಸಿದಳು, ನಿಮಿಷಕ್ಕೆ 48 ಬಂತು. ಚಿಪ್ ಹೋಗಿದೆಯೇ? ಎಲ್ಲ ಬಿಟ್ಟು ರೆಡಿಮೇಡ್ ತೆಗೆದುಕೊಳ್ಳಲೇ? ಮತ್ತೆ ನನ್ನ 1 ಆಂಪಿಯರ್ ಅಡಾಪ್ಟರ್ ಸಾಕಾಗುತ್ತದೆಯೇ?"

ಉತ್ತರ:

ಮೊದಲು ಮೊಮ್ಮಗಳಿಗೆ ಒಂದು ಚಾಕೊಲೇಟ್ ಕೊಡಿಸಿ. ನೀವು ಬರೆದ ಇಷ್ಟು ವಿವರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ 48.

ನಿಮ್ಮ ಆತಂಕ ಅರ್ಥವಾಗುತ್ತದೆ. ಪಾಯಿಂಟ್ ಬದಲಿಸಿದಾಗ ಸಂಪರ್ಕ ಹೋಗುತ್ತಿತ್ತು, ಈಗ ಪೂರ್ತಿ ಹೋಗಿದೆ. ಮೊದಲು ಸ್ವಲ್ಪ ಕಾಯಿಲೆ ಇತ್ತು, ಆಮೇಲೆ ಜಾಸ್ತಿಯಾಗಿ ಚಿಪ್ ಸತ್ತಿತು ಅನ್ನಿಸುವುದು ಸಹಜ. ನನ್ನ ಬೆಂಚಿಗೆ ಬರುವ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಇದೇ ಕಥೆಯ ಜೊತೆ ಬರುತ್ತವೆ. ಆದರೆ ನನ್ನ ಪ್ರಕಾರ ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಟುಂಟುಂ ಸದ್ದಿನದು ಒಂದು. ಕೋಡ್ 43 ಇನ್ನೊಂದು. ಒಂದು ಇನ್ನೊಂದನ್ನು ಹುಟ್ಟಿಸಿಲ್ಲ. ನಡುವೆ ಕ್ರಿಸ್ಟಲ್ ಮುರಿಯಿತಲ್ಲ, ಅಲ್ಲಿ ಕಥೆ ಬದಲಾಯಿತು.

ಕೋಡ್ 43ರ ಅರ್ಥ ಏನು ಎಂದು ನಿಮಗೆ ನಿಮ್ಮ ಭಾಷೆಯಲ್ಲೇ ಹೇಳಬಹುದು. ಪಕ್ಕದ ಸ್ಟೇಷನ್ನಿನಿಂದ ಫೋನ್ ಬಂತು ಅಂದುಕೊಳ್ಳಿ. ಗಂಟೆ ಬಾರಿಸಿತು, ನೀವು ಎತ್ತಿದಿರಿ, ಮಾತು ಖಾತ್ರಿಪಡಿಸುವ ಪ್ರೈವೇಟ್ ನಂಬರ್ ಕೇಳಿದಿರಿ. ಆ ಕಡೆಯಿಂದ ಏನೋ ಗೊರಗೊರ. ಇನ್ನೊಮ್ಮೆ ಕೇಳಿದಿರಿ, ಮತ್ತೆ ಗೊರಗೊರ. ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೊಡುತ್ತೀರಾ? ಇಲ್ಲ. ಯುಎಸ್‌ಬಿಯಲ್ಲೂ ಹಾಗೆಯೇ. ಬೋರ್ಡ್ ಚುಚ್ಚಿದ ಕೂಡಲೇ ಚಿಪ್ ಮಾತಿನ ಎರಡು ತಂತಿಗಳಲ್ಲಿ ಒಂದಾದ ಡಿ ಪ್ಲಸ್ ತಂತಿಯನ್ನು ಒಂದೂವರೆ ಕಿಲೋ ಓಮ್ ರೆಸಿಸ್ಟರ್ ಮೂಲಕ 3.3 ವೋಲ್ಟಿಗೆ ಎಳೆದು ಹಿಡಿಯುತ್ತದೆ. ಅದು ಗಂಟೆ. ಈ ಚಿಪ್ಪಿನಲ್ಲಿ ಆ ರೆಸಿಸ್ಟರ್ ಒಳಗೇ ಇದೆ. ಕಂಪ್ಯೂಟರ್ "ಯಾರೋ ಬಂದರು" ಎಂದು ತಿಳಿದು "ನೀನು ಯಾರು?" ಎಂದು ಕೇಳುತ್ತದೆ. ಉತ್ತರವಾಗಿ ಚಿಪ್ 18 ಬೈಟಿನ ಒಂದು ಪರಿಚಯ ಚೀಟಿ ಕೊಡಬೇಕು. ಆ ಚೀಟಿ ಓದಲು ಬಾರದಿದ್ದರೆ ವಿಂಡೋಸ್ ಎರಡು ಮೂರು ಸಲ ಪ್ರಯತ್ನಿಸಿ ಕೈಚೆಲ್ಲಿ 43 ಎಂದು ಬರೆದುಬಿಡುತ್ತದೆ.

ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ವಿಷಯ ಬರುವುದು ಇದೆಲ್ಲ ಮುಗಿದ ಮೇಲೆ. ಚೀಟಿ ಓದಿದ ನಂತರವೇ ಯಾವ ಡ್ರೈವರ್ ಬೇಕು ಎಂದು ವಿಂಡೋಸಿಗೆ ಗೊತ್ತಾಗುವುದು. ಡ್ರೈವರ್ ಇಲ್ಲದ್ದೇ ತೊಂದರೆಯಾದರೆ ಕೋಡ್ 28 ಬರುತ್ತದೆ, 43 ಅಲ್ಲ. ಹಾಗಾಗಿ ವಿಂಡೋಸ್ ಹೊಸದಾಗಿ ಹಾಕಿಸುವ ಸಲಹೆಯನ್ನು ಮರೆತುಬಿಡಿ. ಎರಡು ಲ್ಯಾಪ್‌ಟಾಪಿನಲ್ಲೂ ಒಂದೇ ಉತ್ತರ ಬಂದ ಮೇಲೆ ಲ್ಯಾಪ್‌ಟಾಪಿನ ಮೇಲೆ ಅನುಮಾನ ಪಡಲು ಏನೂ ಉಳಿದಿಲ್ಲ. ಕೇಬಲ್ಲೂ ಅಷ್ಟೆ. ಬರೀ ಚಾರ್ಜಿಂಗಿಗೆ ಮಾಡಿದ, ಒಳಗೆ ಎರಡೇ ತಂತಿ ಇರುವ ಕೇಬಲ್ ಹಾಕಿದ್ದರೆ ಗಂಟೆಯೇ ಬಾರಿಸುತ್ತಿರಲಿಲ್ಲ, ವಿಂಡೋಸ್ ಸುಮ್ಮನಿರುತ್ತಿತ್ತು.

ಇನ್ನು ಚಿಪ್ ಸುಟ್ಟಿದೆ ಎಂಬ ಮಾತು. ದೀಪ ಮಿಣುಕಿಸುತ್ತಿರುವುದು ಚಿಪ್ಪಿನೊಳಗಿನ ಪ್ರೋಗ್ರಾಮ್. ಸತ್ತ ಚಿಪ್ ಸಮನಾಗಿ, ನಿಮಿಷ ನಿಮಿಷಕ್ಕೂ 48 ಸಲ ದೀಪ ಮಿಣುಕಿಸುವುದಿಲ್ಲ. 12 ವೋಲ್ಟ್ ಒಳಗೆ ಹೊಕ್ಕಿದ್ದರೆ ಈ 5 ವೋಲ್ಟಿನ ಚಿಪ್ ಬೆರಳು ಇಡಲಾಗದಷ್ಟು ಬಿಸಿಯಾಗುತ್ತಿತ್ತು, ಇಲ್ಲವೇ ತಣ್ಣಗೆ ಹೆಣದಂತೆ ಕೂತಿರುತ್ತಿತ್ತು.

ಹಾಗಾದರೆ 60ರ ಬದಲು 48 ಯಾಕೆ? 48ನ್ನು 60ರಿಂದ ಭಾಗಿಸಿ. 0.8. ಈಗ 16ನ್ನು 20ರಿಂದ ಭಾಗಿಸಿ. ಅದೂ 0.8.

ಈ ಚಿಪ್ ಹಾಕುವ ಕಿಟ್ಟುಗಳಲ್ಲಿ ಸಾಮಾನ್ಯವಾಗಿ 20 ಮೆಗಾಹರ್ಟ್ಸ್ ಕ್ರಿಸ್ಟಲ್ ಕೊಡುತ್ತಾರೆ. ರಿಪೇರಿ ಅಂಗಡಿಯ ಡಬ್ಬದಲ್ಲಿ ಸುಲಭಕ್ಕೆ ಸಿಗುವುದರಲ್ಲಿ 16 ಮೆಗಾಹರ್ಟ್ಸಿನದೂ ಒಂದು. ಎರಡೂ ನೋಡಲು ಒಂದೇ ತರಹ, ಬೆಳ್ಳಿಯ ಮಾತ್ರೆಯ ಹಾಗೆ. ಮೇಲೆ ಕೊರೆದ ಅಂಕಿ ಮಾತ್ರ ಬೇರೆ. ಭೂತಗನ್ನಡಿ ಹಿಡಿದು ನೋಡಿ. 16.000 ಎಂದಿರುತ್ತದೆ ಎಂದು ನನ್ನ ಅಂದಾಜು. ರಿಪೇರಿಯವರನ್ನು ಬೈಯಬೇಡಿ. ಬೇರೆ ಎಷ್ಟೋ ಬೋರ್ಡಿನಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ಕೆಲಸ ಸ್ವಲ್ಪ ನಿಧಾನ ನಡೆಯುತ್ತದೆ ಅಷ್ಟೆ. ಯುಎಸ್‌ಬಿ ಮಾತ್ರ ಇದನ್ನು ಸಹಿಸುವುದಿಲ್ಲ.

ಲೆಕ್ಕ ಹೀಗಿದೆ. ಚಿಪ್ ಕ್ರಿಸ್ಟಲ್‌ನ 20ನ್ನು 5ರಿಂದ ಭಾಗಿಸಿ 4 ಮಾಡಿಕೊಳ್ಳುತ್ತದೆ. ಆ 4ನ್ನು 24 ಪಟ್ಟು ಏರಿಸಿ 96 ಮಾಡುತ್ತದೆ, ಅದನ್ನು ಅರ್ಧ ಮಾಡಿ 48 ಮೆಗಾಹರ್ಟ್ಸ್ ಯುಎಸ್‌ಬಿಗೆ ಕೊಡುತ್ತದೆ. "5ರಿಂದ ಭಾಗಿಸು" ಎಂಬ ಆದೇಶ ಪ್ರೋಗ್ರಾಮಿನ ಜೊತೆಗೇ ಚಿಪ್ಪಿನಲ್ಲಿ ಬರೆದಿಟ್ಟಿದೆ. ನೀವು ಯಾವ ಕ್ರಿಸ್ಟಲ್ ಹಾಕಿದಿರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. 16 ಹಾಕಿದರೂ 5ರಿಂದಲೇ ಭಾಗಿಸುತ್ತದೆ. 3.2 ಬರುತ್ತದೆ, ಕೊನೆಗೆ 48ರ ಜಾಗದಲ್ಲಿ 38.4. ಸೆಕೆಂಡಿಗೆ 12 ಮೆಗಾಬಿಟ್ ವೇಗದಲ್ಲಿ ಆಡಬೇಕಾದ ಮಾತನ್ನು 9.6ರಲ್ಲಿ ಆಡುತ್ತದೆ. ಕಂಪ್ಯೂಟರಿಗೆ ಅದು ಗೊರಗೊರ.

ಯುಎಸ್‌ಬಿ ಈ ವೇಗದಲ್ಲಿ ಒಪ್ಪುವ ತಪ್ಪು ನೂರಕ್ಕೆ ಕಾಲು ಪಾಲು ಮಾತ್ರ, 0.25. ಸ್ಟೇಷನ್ ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ, ದಿನಕ್ಕೆ ಮೂರೂವರೆ ನಿಮಿಷ ಆಚೀಚೆ ಆದರೆ ಪರವಾಗಿಲ್ಲ. ನಿಮ್ಮ ಈಗಿನ ಗಡಿಯಾರ ದಿನಕ್ಕೆ 4 ಗಂಟೆ 48 ನಿಮಿಷ ಹಿಂದೆ ಬೀಳುತ್ತಿದೆ! ಈ ಗಡಿಯಾರ ನೋಡಿ ನೀವು ಗಾಡಿ ಬಿಡುತ್ತಿರಲಿಲ್ಲ, ಅಲ್ವಾ?

ಇಷ್ಟು ಹೇಳಿದ ಮೇಲೂ ಒಂದು ಮಾತು. ಚಿಪ್ಪಿನ ಲೆಕ್ಕದ ಭಾಗ ಬದುಕಿದ್ದು ಯುಎಸ್‌ಬಿ ಕಾಲುಗಳು ಮಾತ್ರ ಹೋಗಿರುವುದೂ ಉಂಟು. ಅಪರೂಪ, ಆದರೆ ನೋಡಿದ್ದೇನೆ. ಕ್ರಿಸ್ಟಲ್ ಸರಿಪಡಿಸುವ ತನಕ ಅದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಕ್ರಿಸ್ಟಲ್.

20.000 ಎಂದು ಬರೆದ ಹೊಸ ಕ್ರಿಸ್ಟಲ್ ತನ್ನಿ. ಬೆಲೆ ಒಂದೆರಡು ಕಾಫಿಯಷ್ಟು. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಬರುವವರ ಕೈಲಿ ಎಸ್.ಪಿ. ರೋಡಿನಿಂದ ತರಿಸಿ. ನಾಲ್ಕು ತರಿಸಿ, ಕಾಲು ಮುರಿಯುವುದು ನಿಮಗೆ ಗೊತ್ತೇ ಇದೆ. ಪಕ್ಕದಲ್ಲಿರುವ ಎರಡು ಪುಟ್ಟ 22 ಪಿಕೋಫ್ಯಾರಡ್ ಕೆಪಾಸಿಟರುಗಳನ್ನು ಮುಟ್ಟಬೇಡಿ.

ತೆಗೆಯುವಾಗ ಅವಸರ ಬೇಡ. ಮೊದಲು ಚಿಪ್ಪನ್ನು ಸಾಕೆಟ್‌ನಿಂದ ಬಿಡಿಸಿ ಪಕ್ಕಕ್ಕಿಡಿ. ಚಪ್ಪಟೆ ಸ್ಕ್ರೂಡ್ರೈವರನ್ನು ಒಮ್ಮೆ ಆ ತುದಿ, ಒಮ್ಮೆ ಈ ತುದಿ ಎಂದು ಸ್ವಲ್ಪ ಸ್ವಲ್ಪವೇ ತೂರಿಸಿ ಎತ್ತಿ. ಒಂದೇ ಕಡೆಯಿಂದ ಎತ್ತಿದರೆ ಕಾಲು ಬಾಗುತ್ತದೆ. ಆಮೇಲೆ ಬೋರ್ಡ್ ತಿರುಗಿಸಿ ಕ್ರಿಸ್ಟಲ್‌ನ ಎರಡೂ ಕಾಲಿಗೆ ಬೆಸುಗೆಯ ಹೊಸ ಸೀಸ ಸ್ವಲ್ಪ ಧಾರಾಳವಾಗಿ ತಾಗಿಸಿ. ಹಳೆಯ ಒಣಗಿದ ಸೀಸಕ್ಕಿಂತ ಹೊಸದು ಬೇಗ ಕರಗುತ್ತದೆ. ಒಂದು ಕಾಲಿಗೆ ಐರನ್ ಇಟ್ಟು ಆ ಕಡೆ ಸ್ವಲ್ಪ ಓಲಿಸಿ, ಇನ್ನೊಂದಕ್ಕೆ ಇಟ್ಟು ಈ ಕಡೆ ಓಲಿಸಿ. ನಾಲ್ಕೈದು ಸಲಕ್ಕೆ ತಾನಾಗಿಯೇ ಕೈಗೆ ಬರುತ್ತದೆ. ಎಳೆಯಬೇಡಿ. ಎಳೆದರೆ ಕಾಲಿನ ಜೊತೆ ತಾಮ್ರದ ಬಿಲ್ಲೆಯೂ ಕಿತ್ತುಬರುತ್ತದೆ. ಒಂದು ಜಾಗದಲ್ಲಿ ಮೂರ್ನಾಲ್ಕು ಸೆಕೆಂಡಿಗಿಂತ ಜಾಸ್ತಿ ಐರನ್ ಇಡಬೇಡಿ. ತೂತಿನಲ್ಲಿ ಉಳಿದ ಸೀಸವನ್ನು ಪಂಪಿನಿಂದ ಹೀರಿ.

ಹೊಸ ಕ್ರಿಸ್ಟಲನ್ನು ಬೋರ್ಡಿಗೆ ಅಂಟಿಸಿದಂತೆ ಕೂರಿಸಬೇಡಿ. ಕೆಳಗೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿಡಿ. ಲೋಹದ ಡಬ್ಬಿ ಬಿಲ್ಲೆಗಳಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಫ್ಲಕ್ಸ್ ಬೇಕಿದ್ದರೆ ರಾಳದ್ದನ್ನೇ ಬಳಸಿ. ನಲ್ಲಿ, ತಗಡು ಬೆಸೆಯುವವರ ಆಸಿಡ್ ಪೇಸ್ಟನ್ನು ಹತ್ತಿರಕ್ಕೂ ತರಬೇಡಿ. ಅದು ಆರು ತಿಂಗಳಲ್ಲಿ ತಾಮ್ರವನ್ನೇ ತಿನ್ನುತ್ತದೆ.

ಈಗ ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ. ಸಾಕೆಟ್‌ನ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1. ಕೆಳಗಿಳಿಯುತ್ತಾ 14, ಬಲಗಡೆ ಕೆಳಗಿನಿಂದ 15, ಮೇಲಕ್ಕೆ 28. ಕ್ರಿಸ್ಟಲ್‌ನ ಒಂದು ಕಾಲು 9ಕ್ಕೆ, ಇನ್ನೊಂದು 10ಕ್ಕೆ ಬೀಪ್ ಆಗಬೇಕು. 9ಕ್ಕೂ 10ಕ್ಕೂ ನಡುವೆ ಬೀಪ್ ಆಗಬಾರದು. ಎರಡರಲ್ಲಿ ಯಾವುದೂ 19ಕ್ಕೆ, ಅಂದರೆ ಗ್ರೌಂಡಿಗೆ, ಬೀಪ್ ಆಗಬಾರದು. ಎರಡು ಸಲ ಕಾದ ಬಿಲ್ಲೆ ಎದ್ದುಬಂದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿದ್ದರೆ ಗಾಬರಿ ಬೇಡ, ಕ್ರಿಸ್ಟಲ್ ಕಾಲಿನಿಂದ ಸಾಕೆಟ್ ಕಾಲಿಗೆ ಕೆಳಗಿನಿಂದ ಒಂದು ಕೂದಲೆಳೆ ತಂತಿ ಬೆಸೆದರೆ ಸಾಕು. ಆದಷ್ಟು ಗಿಡ್ಡ ಇರಲಿ.

ಚಿಪ್ ಹೊರಗಿರುವಾಗಲೇ ನಿಮ್ಮ ಗೆಳೆಯರ ಭಯವನ್ನೂ ಪರೀಕ್ಷೆ ಮಾಡಿಬಿಡಿ. ಅವರ ಮಾತು ಪೂರ್ತಿ ಸುಳ್ಳಲ್ಲ. ಸರಿಯಾಗಿ ಬೆಸೆದ ಬೋರ್ಡಿನಲ್ಲಿ 12 ವೋಲ್ಟ್ ರಿಲೇ ಕಡೆಯಲ್ಲೇ ಉಳಿಯುತ್ತದೆ. ಆದರೆ ಎಲ್ಲೋ ಒಂದು ಹನಿ ಸೀಸ ಎರಡು ಗೆರೆಗಳನ್ನು ಸೇರಿಸಿದ್ದರೆ ಅದು ಯುಎಸ್‌ಬಿ ಕಡೆಗೆ ಬರಬಹುದು, ಲ್ಯಾಪ್‌ಟಾಪಿನ ಪೋರ್ಟ್ ನಿಜಕ್ಕೂ ಹೋಗಬಹುದು. ಹೀಗೆ ನೋಡಿ: ಯುಎಸ್‌ಬಿ ಕೇಬಲ್ ಕಿತ್ತಿಡಿ. 12 ವೋಲ್ಟ್ ಅಡಾಪ್ಟರ್ ಮಾತ್ರ ಹಾಕಿ. ಮೀಟರಿನ ಕಪ್ಪು ಕಡ್ಡಿ ಸಾಕೆಟ್‌ನ 19ರಲ್ಲಿ. ಕೆಂಪು ಕಡ್ಡಿಯನ್ನು 20ರಲ್ಲಿಡಿ, ಆಮೇಲೆ 15, 16ರಲ್ಲಿ. 20 ಎಂದರೆ 5 ವೋಲ್ಟಿನ ಕಾಲು, 15 ಮತ್ತು 16 ಯುಎಸ್‌ಬಿಯ ಎರಡು ಮಾತಿನ ತಂತಿಗಳು. ಮೂರರಲ್ಲೂ ಸೊನ್ನೆ ಅಥವಾ ಅದರ ಆಸುಪಾಸು ಬಂದರೆ ನಿಮ್ಮ ಲ್ಯಾಪ್‌ಟಾಪಿಗೆ ಈ 12 ವೋಲ್ಟಿನಿಂದ ಭಯವಿಲ್ಲ. 20ರಲ್ಲಿ 5 ಬಂದರೆ ಬೋರ್ಡ್ ತಾನೇ 5 ವೋಲ್ಟ್ ಮಾಡಿಕೊಂಡು ಲ್ಯಾಪ್‌ಟಾಪಿನ ಕಡೆಗೆ ತಳ್ಳುತ್ತಿದೆ ಎಂದರ್ಥ. ಕೂಡಲೇ ಸುಡುವುದಿಲ್ಲ, ಆದರೆ ಒಳ್ಳೆಯದಲ್ಲ. ಕಿಟ್ಟಿನ ಹಾಳೆಯಲ್ಲಿ ಅದಕ್ಕೆ ಜಂಪರ್ ಇದೆಯೇ ನೋಡಿ. 12ರ ಹತ್ತಿರ ಏನಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ, ಸೀಸದ ಸೇತುವೆ ಹುಡುಕಿ.

ಈ ಪರೀಕ್ಷೆಯನ್ನು ಚಿಪ್ ತೆಗೆದೇ ಮಾಡಿ ಎನ್ನಲು ಕಾರಣವಿದೆ. ಹಿಂದೊಮ್ಮೆ ನಾನು ಎಲ್ಲ ಚಾಲೂ ಇಟ್ಟುಕೊಂಡು, ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಮೀಟರ್ ಕಡ್ಡಿ ಹಿಡಿದಿದ್ದೆ. ಕಡ್ಡಿ ಜಾರಿ 12 ವೋಲ್ಟನ್ನೂ ಪಕ್ಕದ 5 ವೋಲ್ಟನ್ನೂ ಸೇರಿಸಿತು. ಚಿಪ್ ಹೋಯಿತು, ನಡುವೆ ಇದ್ದ ಯುಎಸ್‌ಬಿ ಹಬ್ ಹೋಯಿತು. ಲ್ಯಾಪ್‌ಟಾಪ್ ಉಳಿಯಿತು, ಅದು ನನ್ನ ಪುಣ್ಯ. ಅಂದಿನಿಂದ ಬೆಂಚಿನ ಮೇಲೆ ಚಹಾ ಇಲ್ಲ.

ಎಲ್ಲ ಸರಿ ಇದ್ದರೆ ಅಡಾಪ್ಟರ್ ತೆಗೆದು, ಚಿಪ್ ಕೂರಿಸಿ, ಯುಎಸ್‌ಬಿ ಮಾತ್ರ ಹಾಕಿ, ದೀಪ ಎಣಿಸಿ. 60 ಬಂದು ಲ್ಯಾಪ್‌ಟಾಪ್ ಗುರುತಿಸಿದರೆ ಕೋಡ್ 43ರ ತೊಂದರೆ ಮುಗಿಯಿತು. 60 ಬಂದೂ 43 ಹೋಗದಿದ್ದರೆ ಆಗ ಚಿಪ್ಪಿನ ಯುಎಸ್‌ಬಿ ಭಾಗದ ಮೇಲೆ ಅನುಮಾನ ಪಡಬಹುದು. ಅದಕ್ಕೂ ಮೊದಲು 14ನೇ ಕಾಲಿಗೆ ಸೇರಿದ ಪುಟ್ಟ ಕೆಪಾಸಿಟರ್ ನೋಡಿ. 224 ಅಥವಾ 474 ಎಂದು ಬರೆದಿರುತ್ತದೆ. ಚಿಪ್ ಒಳಗೇ ತಯಾರಿಸುವ 3.3 ವೋಲ್ಟನ್ನು ಅಲುಗದಂತೆ ಹಿಡಿಯುವುದು ಅದೇ. ನಿಮ್ಮ ಬೋರ್ಡ್ ಎರಡು ದಿನ ನಡೆದಿದೆ, ಆದ್ದರಿಂದ ನಿಮ್ಮಲ್ಲಿ ಅದು ಸರಿಯೇ ಇದ್ದಿರಬೇಕು. ಆದರೆ ಹೊಸದಾಗಿ ಬೆಸೆದು ಮೊದಲ ದಿನವೇ 43 ಕಂಡವರು ನೋಡಬೇಕಾದ ಮೊದಲ ಜಾಗ ಇದು. 474ರ ಜಾಗಕ್ಕೆ ಪಕ್ಕದ ಪೊಟ್ಟಣದ ಇನ್ಯಾವುದೋ ಕೆಪಾಸಿಟರ್ ಕೂತಿರುತ್ತದೆ.

ಇಲ್ಲಿ ಇನ್ನೊಂದು ದಾರಿಯೂ ಇದೆ ಎಂದು ಯಾರಾದರೂ ಹೇಳಬಹುದು. ಈಗಿರುವ 16ರ ಕ್ರಿಸ್ಟಲನ್ನೇ ಇಟ್ಟುಕೊಂಡು ಪ್ರೋಗ್ರಾಮಿನಲ್ಲಿ "4ರಿಂದ ಭಾಗಿಸು" ಎಂದು ಬದಲಿಸುವುದು. 16ನ್ನು 4ರಿಂದ ಭಾಗಿಸಿದರೂ 4 ಬರುತ್ತದೆ, ಲೆಕ್ಕ ಸರಿ. ಆದರೆ ಅದಕ್ಕೆ ಪಿಕ್ ಪ್ರೋಗ್ರಾಮರ್ ಬೇಕು, ಕಿಟ್ಟಿನವರ ಮೂಲ ಪ್ರೋಗ್ರಾಮ್ ಕೈಯಲ್ಲಿರಬೇಕು. ಅದಿಲ್ಲದೆ ಚಿಪ್ ಅಳಿಸಿದರೆ ಖಾಲಿ ಚಿಪ್ ಉಳಿಯುತ್ತದೆ. ಅಗ್ಗದ ಒಂದು ಕ್ರಿಸ್ಟಲ್ ಉಳಿಸಲು ಈ ಸಾಹಸ ಬೇಡ. ಹಾಗೆಯೇ ಚಿಪ್ ಬದಲಿಸಲೇಬೇಕಾಗಿ ಬಂದರೆ ಅಂಗಡಿಯಿಂದ ಅದೇ ನಂಬರಿನ ಚಿಪ್ ತಂದು ಚುಚ್ಚಿದರೆ ಏನೂ ಆಗುವುದಿಲ್ಲ. ಅದು ಖಾಲಿ ಸ್ಲೇಟು. ಪ್ರೋಗ್ರಾಮ್ ತುಂಬಿದ್ದನ್ನು ಕಿಟ್ ಮಾರಿದವರಿಂದಲೇ ಕೇಳಬೇಕು.

ಈಗ ಟುಂಟುಂ ಸದ್ದಿನ ವಿಷಯ. ಕ್ರಿಸ್ಟಲ್ ಸರಿಯಾದ ಮೇಲೆ ಇದು ಖಂಡಿತ ಮತ್ತೆ ಬರುತ್ತದೆ, ತಯಾರಾಗಿರಿ.

ನಿಮ್ಮ ಪಾಯಿಂಟ್ ಮೋಟಾರು ಎರಡು ಸುರುಳಿಯ ಸೊಲೆನಾಯ್ಡ್ ಎಂದು ಊಹಿಸುತ್ತೇನೆ, ಟಕ್ ಎಂದು ಒಂದೇ ಏಟಿಗೆ ಬದಲಾಗುವ ಜಾತಿ. ಆ ಟಕ್ ಆಗುವಾಗ ಅದು ಕ್ಷಣಕಾಲ ಕೆಲವು ಆಂಪಿಯರ್ ಎಳೆಯುತ್ತದೆ. ರಿಲೇ ಬಿಟ್ಟ ಕೂಡಲೇ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲ. ಅದು ವೋಲ್ಟೇಜ್ ಏರಿಸಿಕೊಂಡು ರಿಲೇಯ ತುಟಿಗಳ ನಡುವೆ ಕಿಡಿಯಾಗಿ ಹಾರುತ್ತದೆ. ರಾತ್ರಿ ದೀಪ ಆರಿಸಿ, ಪಾರದರ್ಶಕ ರಿಲೇ ಇದ್ದರೆ ನೋಡಿ, ನೀಲಿ ಕಿಡಿ ಕಾಣುತ್ತದೆ. ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್. ಪಕ್ಕದಲ್ಲಿ ಹಾದುಹೋಗುವ ಯುಎಸ್‌ಬಿ ತಂತಿ ಅದನ್ನು ಹಿಡಿಯುತ್ತದೆ. ಮಾತಿನ ಮಧ್ಯೆ ಯಾರೋ ಕಿವಿಯ ಹತ್ತಿರ ಪಟಾಕಿ ಹೊಡೆದಂತೆ. ಕಂಪ್ಯೂಟರ್ ಪೋರ್ಟ್ ಮುಚ್ಚಿಬಿಡುತ್ತದೆ.

ಅದು ಆಗುವಾಗ ಹಸಿರು ದೀಪವನ್ನೇ ನೋಡುತ್ತಿರಿ. ದೀಪ ತನ್ನ ಪಾಡಿಗೆ ಮಿಣುಕುತ್ತಿದ್ದು ಲ್ಯಾಪ್‌ಟಾಪ್ ಮಾತ್ರ ಟುಂಟುಂ ಎಂದರೆ ಗದ್ದಲ ಯುಎಸ್‌ಬಿ ತಂತಿಯಲ್ಲಿದೆ. ದೀಪವೂ ತಡವರಿಸಿ ಮೊದಲಿನಿಂದ ಶುರುವಾದರೆ, ಎಳೆದಿದ್ದ ರಿಲೇಗಳೆಲ್ಲ ಒಟ್ಟಿಗೆ ಬಿಟ್ಟರೆ, ಚಿಪ್ಪೇ ರೀಸೆಟ್ ಆಗುತ್ತಿದೆ. ಹಾಗಿದ್ದರೆ 19 ಮತ್ತು 20ನೇ ಕಾಲಿನ ಪಕ್ಕದ, 104 ಎಂದು ಬರೆದ ಕೆಪಾಸಿಟರಿನ ಬೆಸುಗೆ, ಮತ್ತು 1ನೇ ಕಾಲಿಗೆ ಹೋಗುವ 10 ಕಿಲೋ ಓಮ್ ರೆಸಿಸ್ಟರಿನ ಬೆಸುಗೆ ಎರಡನ್ನೂ ಇನ್ನೊಮ್ಮೆ ಕಾಯಿಸಿ.

ಮಾಡಬೇಕಾದ್ದನ್ನು ಖರ್ಚು ಕಡಿಮೆ ಇರುವುದರಿಂದ ಶುರುಮಾಡೋಣ. ಯುಎಸ್‌ಬಿ ಕೇಬಲ್ ಗಿಡ್ಡದು ಹಾಕಿ, ಒಂದೂವರೆ ಮೀಟರ್ ಒಳಗೆ ಇರಲಿ. ಪಾಯಿಂಟಿಗೆ ಹೋಗುವ ತಂತಿಗಳ ಜೊತೆ ಅದನ್ನು ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಪ್ಲೈವುಡ್ ಕೆಳಗೆ ಅಚ್ಚುಕಟ್ಟಾಗಿ ಎಲ್ಲ ತಂತಿ ಸೇರಿಸಿ ಟೈ ಹಾಕುವ ಅಭ್ಯಾಸ ನಮ್ಮೆಲ್ಲರದು, ಇಲ್ಲಿ ಅದೇ ಮುಳ್ಳು. ಒಂದಕ್ಕೊಂದು ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಲಿ, ಉದ್ದಕ್ಕೆ ಜೊತೆ ಓಡುವುದು ಬೇಡ. ಪ್ರತಿ ಮೋಟಾರಿನ ಹೋಗುವ ತಂತಿ ಬರುವ ತಂತಿಗಳನ್ನು ಹೆಣಿಗೆ ಹಾಕಿದಂತೆ ತಿರುಚಿ.

ಆಮೇಲೆ ರಿಲೇ ಓಡಿಸುವ ಯುಎಲ್‌ಎನ್2803 ನೋಡಿ. ಈ ತರಹದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ, 18 ಕಾಲಿನ ಐಸಿ. ರಿಲೇ ಸುರುಳಿಯ ಏಟು ತಡೆಯುವ ಡಯೋಡುಗಳು ಅದರೊಳಗೇ ಇವೆ. ಆದರೆ 10ನೇ ಕಾಲು 12 ವೋಲ್ಟಿಗೆ ಸೇರಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಆ ಕಾಲಿನ ಬೆಸುಗೆ ಮಂಕಾಗಿ, ಕಾಳಿನಂತೆ ಗುಂಡಾಗಿ ಕೂತಿದ್ದರೆ ರಿಲೇ ಎಳೆಯುತ್ತದೆ, ಏನೂ ತೊಂದರೆ ಇಲ್ಲ ಅನ್ನಿಸುತ್ತದೆ, ಆದರೆ ಡಯೋಡುಗಳು ಇದ್ದೂ ಇಲ್ಲದಂತೆ. ಒಂದು ಎಚ್ಚರಿಕೆ. ಈ ಐಸಿಯ ಒಂದೊಂದು ಕಾಲು ಅರ್ಧ ಆಂಪಿಯರ್ ಮಾತ್ರ ತಾಳುತ್ತದೆ. ರಿಲೇ ಯಾಕೆ, ನೇರ ಪಾಯಿಂಟ್ ಮೋಟಾರೇ ಕಟ್ಟೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೋಟಾರಿನ ಸುರುಳಿಗಳಿಗೆ ಪ್ರತ್ಯೇಕ ಡಯೋಡ್ ಬೇಕು, ಒಂದೊಂದು ಸುರುಳಿಗೆ ಒಂದು 1ಎನ್4007, ಮೋಟಾರಿನ ಹತ್ತಿರವೇ. ಬಿಳಿ ಪಟ್ಟೆ ಪ್ಲಸ್ ಕಡೆಗೆ. ಉಲ್ಟಾ ಹಾಕಿದರೆ ಅದು ನೇರ ಶಾರ್ಟ್, ಟಪ್ ಎಂದು ಒಡೆಯುತ್ತದೆ. ಇನ್ನೂ ಮುಖ್ಯ, ಮೋಟಾರಿಗೆ ಡಿಸಿ ಹೋಗುತ್ತಿದ್ದರೆ ಮಾತ್ರ ಇದು. ಹಳೆಯ ರೈಲು ಟ್ರಾನ್ಸ್‌ಫಾರ್ಮರಿನ 16 ವೋಲ್ಟ್ ಎಸಿ ನೇರ ಕೊಡುತ್ತಿದ್ದರೆ ಡಯೋಡ್ ಹಾಕಲೇಬೇಡಿ. ಅಲ್ಲಿ ರಿಲೇಯ ತುಟಿಗಳಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಒಂದರ ಹಿಂದೆ ಒಂದು ಜೋಡಿಸಿ ಹಾಕಿ. ಕಿಡಿ ಅಲ್ಲಿಯೇ ಇಂಗುತ್ತದೆ.

ಬಹುತೇಕ ಮನೆಗಳಲ್ಲಿ ಇಷ್ಟಕ್ಕೆ ಸರಿಹೋಗುತ್ತದೆ. ಹೋಗದಿದ್ದರೆ ಯುಎಸ್‌ಬಿ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಇದೆ, ಎಡಿಯುಎಂ3160 ಚಿಪ್ಪಿನದು. ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವೆ ಲೋಹದ ಸಂಬಂಧವೇ ಇರದಂತೆ ಮಾಡಿ ಮಾತನ್ನು ಮಾತ್ರ ದಾಟಿಸುತ್ತದೆ. ಸ್ವಿಚ್ ಇದ್ದರೆ ಫುಲ್ ಸ್ಪೀಡಿಗೆ ಇಡಿ. ಅದು ಬೋರ್ಡಿಗೆ ಕೊಡುವ ಕರೆಂಟ್ ಕಡಿಮೆ, ನಿಮ್ಮ ಚಿಪ್ಪಿಗೆ ಮತ್ತು ದೀಪಗಳಿಗೆ ಸಾಕು, ರಿಲೇ ಹೇಗೂ 12 ವೋಲ್ಟಿನಲ್ಲಿ ಓಡುತ್ತವೆ. ಆದರೆ ಅದೇ ಲ್ಯಾಪ್‌ಟಾಪಿನಿಂದ ಇನ್ನೊಂದು ಕೇಬಲ್ ರೈಲಿನ ಕಂಟ್ರೋಲರಿಗೆ ಹೋಗಿ, ಕಂಟ್ರೋಲರಿನ ಗ್ರೌಂಡ್ ಬೋರ್ಡಿಗೆ ಸೇರಿದ್ದರೆ ಐಸೊಲೇಟರ್ ಹಾಕಿಯೂ ಪ್ರಯೋಜನವಿಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದ ಹಾಗೆ. ಬೇರೆ ಅಡಾಪ್ಟರಿನಿಂದ ಓಡುವ ಯುಎಸ್‌ಬಿ ಹಬ್ ಅನ್ನು ಐಸೊಲೇಟರ್ ಎಂದು ಮಾರುವವರಿದ್ದಾರೆ. ಹಬ್ ಏನನ್ನೂ ಬೇರ್ಪಡಿಸುವುದಿಲ್ಲ.

ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಹಳಿ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತದೆಯೇ? ನೀವು ಬರೆದಿಲ್ಲ, ಆದರೆ ಮಾಳಿಗೆ ಕೋಣೆ ಎಂದ ಕೂಡಲೇ ನನಗೆ ಅರ್ಥ್ ತಂತಿ ಇಲ್ಲದ ಪ್ಲಗ್ ನೆನಪಾಯಿತು. ಚಾರ್ಜರಿನೊಳಗಿನ ಗದ್ದಲ ತಡೆಯುವ ಕೆಪಾಸಿಟರುಗಳು ಅರ್ಥ್ ಸಿಗದೆ ಆ ಜುಮ್ಮನ್ನು ಲ್ಯಾಪ್‌ಟಾಪಿನ ಮೈಗೆ ತರುತ್ತವೆ. ಕರೆಂಟ್ ಅತಿ ಸಣ್ಣದು, ಆದರೆ ಕೇಬಲ್ ಚುಚ್ಚುವ ಕ್ಷಣದಲ್ಲಿ ಚಿಪ್ಪಿಗೆ ಏಟು ಬೀಳಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಅಲ್ಲಿಯವರೆಗೆ ಯುಎಸ್‌ಬಿ, 12 ವೋಲ್ಟ್ ಎಲ್ಲ ಜೋಡಿಸಿ ಆದ ಮೇಲೆಯೇ ಗೋಡೆಯ ಸ್ವಿಚ್ ಹಾಕಿ.

ಇನ್ನೊಂದು ಸಣ್ಣ ವಿಷಯ. ಕೇಬಲನ್ನು ಯಾವಾಗಲೂ ಲ್ಯಾಪ್‌ಟಾಪಿನ ಒಂದೇ ಕಿಂಡಿಗೆ ಹಾಕಿ. ಕಿಂಡಿ ಬದಲಾದರೆ ವಿಂಡೋಸ್ ಬೋರ್ಡಿಗೆ ಬೇರೆ ಕಾಮ್ ನಂಬರ್ (ಸಂಪರ್ಕದ ಗುರುತು) ಕೊಡಬಹುದು. ಜೆಎಂಆರ್‌ಐ ಅಥವಾ ನೀವು ಬಳಸುವ ಬೇರೆ ರೈಲು ತಂತ್ರಾಂಶ ಹಳೆಯ ನಂಬರನ್ನೇ ಹುಡುಕುತ್ತಾ ಕೂರುತ್ತದೆ, ಬೋರ್ಡ್ ಮತ್ತೆ ಕೆಟ್ಟಿತು ಎಂದು ನೀವು ಅಂದುಕೊಳ್ಳುತ್ತೀರಿ.

ರೆಡಿಮೇಡ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ತೆಗೆದುಕೊಳ್ಳಬಹುದು. ಹೊರದೇಶದಿಂದ ತರಿಸಿದರೆ ಸುಂಕ, ಸಾಗಣೆ ಸೇರಿ ದುಬಾರಿಯಾಗುತ್ತದೆ. ಆದರೆ ಕಿಡಿಯ ಗದ್ದಲ ನಿಮ್ಮ ಪಾಯಿಂಟುಗಳಲ್ಲಿದೆ, ಕಿಟ್ಟಿನಲ್ಲಿ ಅಲ್ಲ. ಹೊಸ ಡಬ್ಬಿಯೂ ಅದೇ ಗದ್ದಲದಲ್ಲಿ ಕೂರಬೇಕು. ನಾನಾಗಿದ್ದರೆ ಈ ಬೋರ್ಡನ್ನೇ ಸರಿಮಾಡುತ್ತಿದ್ದೆ.

ಅಡಾಪ್ಟರ್ ವಿಷಯ. 12 ವೋಲ್ಟಿನ ಶುಗರ್ ಕ್ಯೂಬ್ ರಿಲೇ ಒಂದಕ್ಕೆ ಸುಮಾರು 30 ಮಿಲಿಆಂಪಿಯರ್, ಎಂಟೂ ಒಟ್ಟಿಗೆ ಎಳೆದರೂ 240. ರಿಲೇಗಳಿಗೆ ನಿಮ್ಮ 1 ಆಂಪಿಯರ್ ಧಾರಾಳ. ಪಾಯಿಂಟ್ ಮೋಟಾರುಗಳನ್ನೂ ಅದೇ ಅಡಾಪ್ಟರಿಗೆ ಕಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಮೋಟಾರುಗಳಿಗೆ ಪ್ರತ್ಯೇಕ ಸಪ್ಲೈ, ಅದರ ಮುಂದೆ ಸಿಡಿಯು, ಅಂದರೆ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ತುಂಬಿಟ್ಟು ಒಂದೇ ಏಟಿಗೆ ಕೊಡುವ ಬೋರ್ಡ್. 4700 ಮೈಕ್ರೋಫ್ಯಾರಡಿನದು ಸಾಕಾಗುತ್ತದೆ. ರಿಲೇ ಎಲ್ಲಾದರೂ ಅಂಟಿಕೊಂಡರೂ ಆ ಒಂದು ಏಟಿನ ನಂತರ ಸುರುಳಿಗೆ ಹೋಗುವುದು ತೊಟ್ಟು ಕರೆಂಟ್ ಮಾತ್ರ, ಮೋಟಾರ್ ಸುಡುವುದಿಲ್ಲ. ಸಿಡಿಯು ಮತ್ತೆ ತುಂಬಿಕೊಳ್ಳಲು ಸ್ವಲ್ಪ ಸಮಯ ಬೇಕು, ಆದ್ದರಿಂದ ಒಂದು ಪಾಯಿಂಟಿಗೂ ಮುಂದಿನದಕ್ಕೂ ನಡುವೆ ಎರಡು ಸೆಕೆಂಡ್ ಬಿಡುವಂತೆ ತಂತ್ರಾಂಶದಲ್ಲಿ ಹೇಳಿಡಿ.